ಮಕ್ಕಳ ನುಡಿಗೆ ಕಿವಿಗೊಟ್ಟ ಉಪಾಧ್ಯಾಯರು: ಪಂಜೆ ಮಂಗೇಶರಾಯರು

ಬೊಮ್ಮನಹಾಳಿನಂತಹ ಗಡಿಯೂರಿನಲ್ಲಿ ಹುಟ್ಟಿದ ಮಗುವಿಗೆ ಮಾತು ಒಂದೇ ಬಾಗಿಲಿನಿಂದ ಬರುವುದಿಲ್ಲ. ತಾಯಿ ತೊಟ್ಟಿಲು ತೂಗುವುದು ಕನ್ನಡದಲ್ಲಿ. ನೆರೆಮನೆಯ ಅವ್ವ ಎತ್ತಿಕೊಂಡು ಮುದ್ದಾಡುವುದು ತೆಲುಗಿನಲ್ಲಿ. ಸಂತೆಯಲ್ಲಿ ಎರಡೂ ಬೆರೆತು ಕಿವಿಗೆ ಬೀಳುವುವು. ಅಂಗಡಿಗೆ ಹೋದ ಹುಡುಗನು ಬೆಲ್ಲದ ಬೆಲೆಯನ್ನು ಒಂದು ನುಡಿಯಲ್ಲಿ ಕೇಳಿ, ಮರಳಿ ಬಂದ ಚಿಲ್ಲರೆಯನ್ನು ಮತ್ತೊಂದು ನುಡಿಯಲ್ಲಿ ಎಣಿಸಿಕೊಂಡು ಮನೆಗೆ ಬರುವನು. ಇದನ್ನು ಕಂಡ ತಾಯ್ತಂದೆಗಳು ನಮ್ಮ ಬಳಿಗೆ ಬಂದು, ಮಗುವಿನ ತಲೆಯಲ್ಲಿ ಎರಡು ಭಾಷೆ ಕಲಸಿಹೋಗಿ ಯಾವುದೂ ನೆಟ್ಟಗೆ ಬಾರದೆ ಹೋದೀತೆ, ಲೆಕ್ಕವು ಹಿಂದೆ ಬಿದ್ದೀತೆ, ಮೊದಲಿಗೇ ಕನ್ನಡವನ್ನು ಬಿಡಿಸಿಬಿಡುವುದು ಲೇಸೇ ಎಂದು ಕೇಳುವುದುಂಟು. ಕೇಳುವವರ ದನಿಯಲ್ಲಿ ಮಗುವಿನ ಮುಂದಿನ ಬಾಳಿನ ಭಯವಿರುವುದರಿಂದ ಈ ಪ್ರಶ್ನೆಯನ್ನು ನಾವು ಎಂದೂ ಹಗುರವಾಗಿ ಎಣಿಸಿದವರಲ್ಲ.

ಈ ಪ್ರಶ್ನೆಗೆ ವಾದದಿಂದ ಉತ್ತರ ಹೇಳುವುದಕ್ಕಿಂತ ಒಂದು ಜೀವನದಿಂದ ಉತ್ತರ ಹೇಳುವುದು ಮೇಲೆಂದು ನಮಗೆ ತೋರಿತು. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ, ಶಾಲೆಯಲ್ಲಿ ಮತ್ತೊಂದು ನುಡಿ ಇದ್ದ ಊರಿನಲ್ಲಿ ಹುಟ್ಟಿ, ಶಾಲೆಯ ನುಡಿಯಾದ ಕನ್ನಡಕ್ಕೆ ಮಕ್ಕಳ ಹಾಡನ್ನೂ ಕಥೆಯನ್ನೂ ತಂದುಕೊಟ್ಟ ಮಹನೀಯರೊಬ್ಬರು ನಮ್ಮಲ್ಲಿ ಆಗಿಹೋದರು. ಅವರೇ ದಿವಂಗತ ಪಂಜೆ ಮಂಗೇಶರಾಯರು. ಸಂಘದ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮಂಗೇಶರಾಯರು ೧೮೭೪ನೆಯ ಇಸವಿ ಫೆಬ್ರವರಿ ೨೨ರಂದು ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳದಲ್ಲಿ ಜನಿಸಿದರು. ಅವರ ಹಿರಿಯರು ಸುಬ್ರಹ್ಮಣ್ಯದ ಕಡೆಯ ಪಂಜ ಎಂಬ ಗ್ರಾಮದವರಾದುದರಿಂದ ಪಂಜೆ ಎಂಬ ಹೆಸರು ಮನೆತನಕ್ಕೆ ಅಂಟಿಕೊಂಡಿತು. ಅವರದು ಸಾರಸ್ವತ ಕುಟುಂಬ, ಮನೆಮಾತು ಕೊಂಕಣಿ. ನೇತ್ರಾವತಿಯ ದಡದ ಆ ಪೇಟೆಯಲ್ಲಿ ಗದ್ದೆಯವರೂ ದೋಣಿಯವರೂ ಆಡುತ್ತಿದ್ದುದು ತುಳು. ಶಾಲೆಯಲ್ಲಿ ಕಲಿಯಬೇಕಾದುದು ಕನ್ನಡ. ಮುಂದೆ ಓದು ಮಂಗಳೂರಿಗೆ ಸಾಗಿದಾಗ ಇಂಗ್ಲಿಷು ಬಂದು ಕೂಡಿಕೊಂಡಿತು. ಅಂತಹ ಮನೆಯ ಮಗುವಿಗೆ ಎರಡು ಮಾವಿನಹಣ್ಣುಗಳು ಮನೆಯೊಳಗೆ ‘ದೋನಿ’, ಬೀದಿಯಲ್ಲಿ ‘ರಡ್ಡ್’, ಶಾಲೆಯಲ್ಲಿ ‘ಎರಡು’. ಹೆಸರು ಮೂರಾದರೂ ಹಣ್ಣುಗಳು ಎರಡೇ. ಈ ಸಣ್ಣ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ನಾವು ಹೇಳಬೇಕೆಂದಿರುವುದೆಲ್ಲ ಇದರಲ್ಲಿಯೇ ಅಡಗಿದೆ.

ಮನೆಯ ಸ್ಥಿತಿ ಅನುಕೂಲವಾಗಿರಲಿಲ್ಲ. ಮಂಗೇಶರಾಯರು ಕಷ್ಟದಿಂದಲೇ ಓದಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದ ಮೇಲೂ ತಮ್ಮ ವಿದ್ಯಾಭ್ಯಾಸವನ್ನು ಬಿಡದೆ ಬಿ. ಎ. ಪದವಿಯನ್ನೂ ಉಪಾಧ್ಯಾಯ ವೃತ್ತಿಯ ಎಲ್. ಟಿ. ಪದವಿಯನ್ನೂ ಪಡೆದರು. ಮುಂದೆ ಮಂಜೇಶ್ವರದ ರಾಷ್ಟ್ರಕವಿಯೆಂದು ಪ್ರಖ್ಯಾತರಾದ ಗೋವಿಂದ ಪೈಗಳು ಅವರ ಶಿಷ್ಯರಲ್ಲೊಬ್ಬರು. ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಕಾಸರಗೋಡು ಸೀಮೆಯೊಂದಿಗೆ ಗೋವಿಂದ ಪೈಗಳ ಊರೂ ಕೇರಳಕ್ಕೆ ಸೇರಿತೆಂಬುದನ್ನು ನೆನೆದರೆ, ಗಡಿನಾಡಿನ ನಮಗೆ ಈ ಗುರುಶಿಷ್ಯರಿಬ್ಬರೂ ಇನ್ನಷ್ಟು ಹತ್ತಿರದವರೆನಿಸುವರು.

೧೯೦೦ರ ಸುಮಾರಿಗೆ ಬೆನಗಲ್ ರಾಮರಾಯರು ಮಂಗಳೂರಿನಿಂದ ‘ಸುವಾಸಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸತೊಡಗಿದರು. ಅವರ ಸೋದರಿಯನ್ನೇ ಮಂಗೇಶರಾಯರು ವರಿಸಿದ್ದರು. ಆ ಪತ್ರಿಕೆಯಲ್ಲಿ ಮಂಗೇಶರಾಯರು ಬರೆದ ‘ನನ್ನ ಚಿಕ್ಕತಾಯಿ’ ಮೊದಲಾದ ಬರಹಗಳು ಕನ್ನಡದ ಸಣ್ಣಕಥೆಯ ಮೊದಲ ಹೆಜ್ಜೆಗಳೆಂದು ವಿದ್ವಾಂಸರು ಗಣಿಸಿರುವರು. ಹಾಸ್ಯದ ಬರಹಗಳಿಗೆ ‘ಹರಟೆಮಲ್ಲ’ ಎಂಬ ಹೆಸರನ್ನೂ ಕವಿತೆಗಳಿಗೆ ‘ಕವಿಶಿಷ್ಯ’ ಎಂಬ ಹೆಸರನ್ನೂ ಅವರು ಇಟ್ಟುಕೊಂಡರು. ಊರಿಗೆಲ್ಲ ಗುರುವಾಗಿದ್ದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡುದು ಕೇವಲ ವಿನಯದ ಮಾತಲ್ಲ. ಮಕ್ಕಳಿಂದ ಕಲಿಯಬೇಕೆಂಬ ಮನಸ್ಸುಳ್ಳವನಿಗೆ ಮಾತ್ರ ಆ ಹೆಸರು ಒಪ್ಪುತ್ತದೆ.

ಅವರು ಉಪಾಧ್ಯಾಯರಾದ ಕಾಲದ ಶಾಲೆಗಳ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಊರೂರಿನ ಐಗಳ ಮಠಗಳ ಪದ್ಧತಿ ಇನ್ನೂ ಪೂರ್ತಿಯಾಗಿ ಅಳಿದಿರಲಿಲ್ಲ. ಮಗು ಮರಳಿನ ಮೇಲೆ ಬೆರಳೂರಿ ಅಕ್ಷರ ತಿದ್ದಬೇಕು. ಅಕ್ಷರ ಮುಗಿದ ಮೇಲೆ ಕಾಗುಣಿತ. ಕಾಗುಣಿತ ಮುಗಿದ ಮೇಲೆ ಒತ್ತಕ್ಷರ. ಲೆಕ್ಕವೆಂದರೆ ಮಗ್ಗಿ, ಪೂರ್ಣಸಂಖ್ಯೆಯ ಮಗ್ಗಿಯಾದ ಮೇಲೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿ. ಹಗರಿಯ ಮರಳು ಹೊಲಗಳ ಮೇಲೆ ದಿಬ್ಬದಿಬ್ಬವಾಗಿ ಬಂದು ಕುಳಿತಿರುವ ನಮ್ಮ ಸೀಮೆಯಲ್ಲಿ ಮರಳ ಮೇಲಿನ ಅಕ್ಷರದ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಪದ್ಧತಿಯನ್ನು ನಾವು ಹಳಿಯುವವರಲ್ಲ. ಆದರೆ ಅದರಲ್ಲಿ ಒಂದು ಕೊರತೆಯಿದ್ದಿತು. ಮಗುವು ಶಾಲೆಗೆ ಬರುವಾಗಲೇ ಸಾವಿರಾರು ಮಾತುಗಳನ್ನು ಬಲ್ಲದು, ಗೋಲಿಯಾಟದಲ್ಲಿ ಗೆದ್ದ ಗೋಲಿಗಳ ಲೆಕ್ಕವನ್ನು ಇಡಬಲ್ಲದು. ಶಾಲೆಯು ಈ ಆಸ್ತಿಯನ್ನು ಹೊಸ್ತಿಲಾಚೆಯೇ ಇಡಿಸಿ, ಏನೂ ಅರಿಯದವನಿಗೆ ಕಲಿಸುವಂತೆ ಕಲಿಸತೊಡಗುತ್ತಿದ್ದಿತು.

ಮಂಗೇಶರಾಯರು ಕಾಲೇಜಿನಿಂದ ಶಾಲಾ ಇಲಾಖೆಗೆ ಬಂದು ಇನ್‌ಸ್ಪೆಕ್ಟರರಾಗಿ ಹಳ್ಳಿಹಳ್ಳಿಯ ಶಾಲೆಗಳನ್ನು ನೋಡಿದರು. ಉಪಾಧ್ಯಾಯರನ್ನು ತರಬೇತು ಮಾಡುವ ಕೆಲಸವನ್ನೂ ಮಾಡಿದರು. ಇನ್‌ಸ್ಪೆಕ್ಟರರೆಂದರೆ ಆ ಕಾಲದ ಹಳ್ಳಿಯ ಮೇಷ್ಟರಿಗೆ ಎದೆ ನಡುಕ, ಮಕ್ಕಳಿಗೆ ಬಾಯಿ ಒಣಗು. ಈ ಇನ್‌ಸ್ಪೆಕ್ಟರರಾದರೋ ತರಗತಿಗೆ ಬಂದು ಮಕ್ಕಳ ನಡುವೆ ಹಾಡಿ ಕಥೆ ಹೇಳಿ ನಗಿಸುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಮಕ್ಕಳ ಬಾಯಿ ತೆರೆದ ಮೇಲಲ್ಲವೇ ಅವರಿಗೆ ಏನು ಬರುವುದು, ಏನು ಬಾರದು ಎಂಬುದು ತಿಳಿಯುವುದು! ಕೊಂಕಣಿಯ ಮನೆಯಿಂದ ಬಂದವನು, ತುಳುವಿನ ಮನೆಯಿಂದ ಬಂದವನು, ಬ್ಯಾರಿಗಳ ಮನೆಯಿಂದ ಬಂದವನು, ಎಲ್ಲರೂ ಒಂದೇ ಹಲಗೆಯ ಮುಂದೆ ಕುಳಿತು ಕನ್ನಡ ಕಲಿಯಬೇಕಾದ ಜಿಲ್ಲೆ ಅದು. ಅಲ್ಲಿ ಅಕ್ಷರಕ್ಕಿಂತ ಮೊದಲು ಕಿವಿಗೆ ಕನ್ನಡವನ್ನು ತುಂಬಬೇಕೆಂಬುದು ಅವರಿಗೆ ಅನುಭವದಿಂದಲೇ ಹೊಳೆದಿರಬೇಕು.

ಅವರ ಮಕ್ಕಳ ಪದ್ಯಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ನಾಗರಹಾವನ್ನು ಕುರಿತ ಅವರ ಪದ್ಯವನ್ನು ಕನ್ನಡ ಶಾಲೆಯ ಮೆಟ್ಟಿಲು ತುಳಿದ ಎಷ್ಟೋ ತಲೆಮಾರುಗಳು ಹಾಡಿವೆ. ಅದರಲ್ಲಿ ಮಗುವು ಹಾವನ್ನು ಎದುರು ನಿಲ್ಲಿಸಿಕೊಂಡು ಮಾತನಾಡುತ್ತದೆ; ಕರೆಯುತ್ತದೆ, ಬೇಡುತ್ತದೆ, ಹೆದರಿ ಹಿಂದೆ ಸರಿಯುತ್ತದೆ. ತೆಂಕಣ ಗಾಳಿಯ ಪದ್ಯದಲ್ಲಿ ಕಡಲಿನಿಂದೆದ್ದ ಗಾಳಿ ಮಾಡು ಮರಗಳನ್ನು ಅಲ್ಲಾಡಿಸುವ ಸದ್ದೇ ಪದಗಳ ಸದ್ದಾಗಿದೆ. ಇಲ್ಲಿ ಮಗುವಿಗೆ ಅರ್ಥವನ್ನು ಮೊದಲು ವಿವರಿಸಿ ಪದ್ಯವನ್ನು ಆಮೇಲೆ ಹೇಳಿಸಬೇಕಾಗಿಲ್ಲ. ನುಡಿಯ ನಡೆಯೇ ಅರ್ಥವನ್ನು ಕೈಹಿಡಿದು ಕರೆತರುತ್ತದೆ. ಶಾಲೆಗಳಿಗಾಗಿ ಅವರು ಸಂಕಲಿಸಿದ ಕನ್ನಡ ಪದ್ಯಪುಸ್ತಕಗಳೂ, ಮಂಗಳೂರಿನಲ್ಲಿ ಗೆಳೆಯರೊಡನೆ ನಡೆಸಿದ ಬಾಲಸಾಹಿತ್ಯ ಮಂಡಲದ ಕೆಲಸವೂ ಇದೇ ದಾರಿಯಲ್ಲಿ ಸಾಗಿದುವು. ಜಿ. ಪಿ. ರಾಜರತ್ನಂ ಮೊದಲಾದವರು ಮುಂದೆ ಬಂದು ಈ ದಾರಿಯನ್ನು ಅಗಲ ಮಾಡಿದರು.

ಇಂದಿನ ವಿಜ್ಞಾನಿಗಳು ಮಕ್ಕಳ ನುಡಿಗಲಿಕೆಯನ್ನು ಕುರಿತು ಕಂಡುಕೊಂಡಿರುವ ಸಂಗತಿಗಳು ಮಂಗೇಶರಾಯರ ಕೆಲಸಕ್ಕೆ ಸಾಕ್ಷಿ ನುಡಿದಂತಿವೆ. ಶಿಶುವು ತಾಯಿಯ ಗರ್ಭದಲ್ಲಿರುವಾಗಲೇ ಅವಳ ಮಾತಿನ ಏರಿಳಿತವನ್ನು ಕೇಳತೊಡಗುತ್ತದೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ತನ್ನ ಮನೆಯವರು ಆಡದ ಭಾಷೆಗಳ ಧ್ವನಿಭೇದಗಳನ್ನೂ ಗುರುತಿಸಬಲ್ಲುದು. ವರ್ಷ ತುಂಬುವ ಹೊತ್ತಿಗೆ ತನ್ನ ಸುತ್ತಲಿನವರ ನುಡಿಯಲ್ಲಿ ಕಿವಿ ಪಳಗಿ, ಉಳಿದ ಭೇದಗಳಲ್ಲಿ ಮಂದವಾಗುತ್ತದೆ. ವರ್ಷದ ಆಸುಪಾಸಿನಲ್ಲಿ ಮೊದಲ ಮಾತು. ಎರಡು ವರ್ಷದ ಹೊತ್ತಿಗೆ ಎರಡೆರಡು ಪದಗಳ ಜೋಡಣೆ. ಎರಡು ನುಡಿಗಳ ನಡುವೆ ಬೆಳೆಯುವ ಮಗುವೂ ಇದೇ ಮೆಟ್ಟಿಲುಗಳನ್ನು ಏರುತ್ತದೆ. ಒಂದೇ ನುಡಿಯಲ್ಲಿ ಅಳೆದರೆ ಅದರ ಪದಸಂಪತ್ತು ಕಡಿಮೆಯೆಂದು ತೋರಬಹುದು. ಎರಡನ್ನೂ ಕೂಡಿಸಿ ನೋಡಿದರೆ ಕೊರತೆ ಕಾಣುವುದಿಲ್ಲ. ಒಂದು ವಾಕ್ಯದಲ್ಲಿ ಎರಡು ನುಡಿಗಳನ್ನು ಬೆರಸುವುದು ಗೊಂದಲದ ಗುರುತಲ್ಲ. ಕೈಗೆ ಮೊದಲು ಸಿಕ್ಕಿದ ಪದವನ್ನು ಎತ್ತಿಕೊಳ್ಳುವ ಚಾತುರ್ಯವದು. ಆದರೆ ಒಂದು ನಿಯಮವುಂಟು: ಯಾವ ನುಡಿಯಲ್ಲಿ ಜನರು ಮಗುವಿನೊಡನೆ ಮಾತನಾಡುವರೋ ಆ ನುಡಿ ಬರುತ್ತದೆ, ಬರಿದೆ ಪುಸ್ತಕದಲ್ಲಿರುವ ನುಡಿ ತಾನಾಗಿ ಬರುವುದಿಲ್ಲ.

ಮಗುವಿನ ತಪ್ಪುಗಳೂ ನಮಗೆ ಪಾಠ ಹೇಳುತ್ತವೆ. ಮೂರು ವರ್ಷದ ಮಗು ‘ತಿಂದೆ’ ಎನ್ನುವ ಬದಲು ‘ತಿನ್ನಿದೆ’ ಎನ್ನುವುದನ್ನು ನಾವು ಕೇಳಿದ್ದೇವೆ. ಯಾವ ಹಿರಿಯರೂ ಅದರ ಮುಂದೆ ‘ತಿನ್ನಿದೆ’ ಎಂದು ಹೇಳಿರಲಾರರು. ‘ಮಾಡಿದೆ’, ‘ಓಡಿದೆ’, ‘ಹಾಡಿದೆ’ ಎಂಬುದನ್ನು ಕೇಳಿ ಮಗುವು ತಾನೇ ಒಂದು ಸೂತ್ರವನ್ನು ಕಟ್ಟಿಕೊಂಡು ಅದನ್ನು ಎಲ್ಲ ಧಾತುಗಳಿಗೂ ಹಚ್ಚಿದೆ. ವ್ಯಾಕರಣದ ಪುಸ್ತಕವನ್ನು ತೆರೆಯದ ವೈಯಾಕರಣನದು! ಇಲ್ಲಿ ಮಂಗೇಶರಾಯರ ಜೀವನದ ಒಂದು ವಿಶೇಷವನ್ನು ಹೇಳಲೇಬೇಕು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಹಿಂದೆ ಕಿಟ್ಟೆಲರು ಸಂಪಾದಿಸಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮೂಲಕ ಪ್ರಕಟಿಸಿದ್ದರಷ್ಟೆ. ಅದನ್ನು ಪರಿಷ್ಕರಿಸಿ ೧೯೨೦ರಲ್ಲಿ ಹೊರತಂದವರು ಮಂಗೇಶರಾಯರು. ಧಾತು, ಪ್ರತ್ಯಯ, ಸಂಧಿಗಳ ಗಹನವಾದ ಆ ಹಳಗನ್ನಡ ಗ್ರಂಥವನ್ನು ತಿದ್ದಿದ ಕೈಯೇ ಇಲಿ, ಕೋಳಿ, ಕರಡಿಗಳ ಕಥೆಯನ್ನೂ ಬರೆಯಿತು. ಪಂಡಿತರೆನಿಸಿಕೊಂಡ ಹಲವರು ಈ ಎರಡನೆಯ ಕೆಲಸವನ್ನು ಕೀಳೆಂದು ಬಗೆಯುತ್ತಿದ್ದ ಕಾಲವದು. ಮಂಗೇಶರಾಯರು ಹಾಗೆ ಬಗೆಯಲಿಲ್ಲ. ಕೇಶಿರಾಜನು ಸೂತ್ರದಲ್ಲಿ ಹೇಳಿದುದನ್ನು ಮಗುವು ನಾಲಗೆಯಲ್ಲಿ ಆಡಿಕೊಂಡು ಕಲಿಯುವುದೆಂದು ಅವರು ಬಲ್ಲರು.

ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಿಗಡಿಯೆಂದರೆ ಕಡಲಕರೆಯವರು ಬಿಸಿಲಿಗೆ ಹಾಕಿ ಒಣಗಿಸುವ ಸಣ್ಣ ಜಲಚರ. ಅದೊಂದು ಸರಪಳಿ ಕಥೆ. ಒಂದು ಪ್ರಶ್ನೆಯ ಉತ್ತರವು ಮತ್ತೊಂದು ಪ್ರಶ್ನೆಯನ್ನು ಹುಟ್ಟಿಸುತ್ತ ಹೋಗುತ್ತದೆ. ನಮ್ಮ ಊರಿನ ವಾಚಕರು ಇದನ್ನು ಓದುವಾಗಲೇ ಮುಗುಳುನಗುತ್ತಿರಬಹುದು. ಏಕೆಂದರೆ ಇದರ ಒಡಹುಟ್ಟಿದ ಕಥೆಯನ್ನು ಅವರು ತೆಲುಗು ನೆರೆಯವರ ಬಾಯಿಂದ ಕೇಳಿಯೇ ಇರುವರು. ಒಬ್ಬ ರಾಜನಿಗೆ ಏಳು ಮಂದಿ ಗಂಡುಮಕ್ಕಳು. ಏಳು ಮಂದಿಯೂ ಬೇಟೆಗೆ ಹೋಗಿ ಏಳು ಮೀನುಗಳನ್ನು ತಂದು ಒಣಗಹಾಕುವರು. ಅವುಗಳಲ್ಲಿ ಒಂದು ಮಾತ್ರ ಒಣಗುವುದಿಲ್ಲ. ಮೀನನ್ನು ಕೇಳಿದರೆ ಅದು ಹುಲ್ಲಿನ ಮೆದೆಯ ಮೇಲೆ ತಪ್ಪು ಹೊರಿಸುತ್ತದೆ. ಮೆದೆಯು ಹಸುವಿನ ಮೇಲೆ, ಹಸುವು ಕಾಯುವ ಹುಡುಗನ ಮೇಲೆ, ಹುಡುಗನು ಅನ್ನವಿಕ್ಕದ ಅವ್ವನ ಮೇಲೆ, ಅವ್ವ ಅಳುವ ಕೂಸಿನ ಮೇಲೆ, ಕೂಸು ಕಚ್ಚಿದ ಇರುವೆಯ ಮೇಲೆ ಹೊರಿಸುವರು. ತನ್ನ ಗೂಡಿಗೆ ಬೆರಳಿಟ್ಟರೆ ಕಚ್ಚದೆ ಇರಲಾದೀತೇ ಎಂದು ಇರುವೆ ಕೇಳುವಲ್ಲಿಗೆ ಕಥೆ ಮುಗಿಯುತ್ತದೆ. ಮಂಗಳೂರಿನ ಕಡಲಿಗೂ ನಮ್ಮ ಹಗರಿಗೂ ನಡುವೆ ಇಷ್ಟು ನಾಡು ಹರಡಿಕೊಂಡಿದ್ದರೂ ಕಥೆಯು ಗಡಿಗಳನ್ನು ಕೇಳದೆ ಸಂಚರಿಸಿದೆ.

ಈ ಬಗೆಯ ಕಥೆ ಮಗುವಿಗೆ ಏನನ್ನು ಕೊಡುತ್ತದೆ? ಮೊದಲನೆಯದಾಗಿ ನುಡಿಯ ಅಚ್ಚನ್ನು ಕೊಡುತ್ತದೆ. ಏಕೆ ಒಣಗಲಿಲ್ಲ, ಏಕೆ ಮೇಯಲಿಲ್ಲ, ಏಕೆ ಮೇಯಿಸಲಿಲ್ಲ, ಏಕೆ ಇಕ್ಕಲಿಲ್ಲ ಎಂದು ಒಂದೇ ಅಚ್ಚಿನಲ್ಲಿ ಬೇರೆಬೇರೆ ಕ್ರಿಯಾಪದಗಳು ಬಂದಾಗ, ನಿಷೇಧದ ರೂಪವನ್ನು ಮಗು ಬೆತ್ತವಿಲ್ಲದೆ ಕಲಿಯುತ್ತದೆ; ‘ಮೇಯು’ ಎಂಬುದಕ್ಕೂ ‘ಮೇಯಿಸು’ ಎಂಬುದಕ್ಕೂ ಇರುವ ಭೇದವನ್ನು ಹಸುವನ್ನೂ ಹುಡುಗನನ್ನೂ ಕಣ್ಣಮುಂದೆ ಇಟ್ಟುಕೊಂಡು ತಿಳಿಯುತ್ತದೆ. ಎರಡನೆಯದಾಗಿ ಕಾರಣ ಕಾರ್ಯಗಳ ಕ್ರಮವನ್ನು ಕೊಡುತ್ತದೆ. ಮೂರನೆಯದಾಗಿ, ತೆಲುಗಿನ ಕಥೆಯಲ್ಲಿ ಏಳು ಮಂದಿಗೆ ಏಳು ಮೀನು ಎಂದಾಗ, ಒಬ್ಬೊಬ್ಬನಿಗೆ ಒಂದೊಂದರಂತೆ ಜೋಡಿಸುವ ಗಣಿತದ ಬೀಜವನ್ನು ಕೊಡುತ್ತದೆ. ಏಳರಲ್ಲಿ ಒಂದು ಒಣಗದಿದ್ದರೆ ಒಣಗಿದುವು ಎಷ್ಟೆಂದು ಕೇಳಿ ನೋಡಿರಿ. ಮಗುವು ಹಲಗೆ ಬಳಪವಿಲ್ಲದೆ ಕಳೆಯುವ ಲೆಕ್ಕವನ್ನು ಮಾಡುವುದು.

ಮಂಗೇಶರಾಯರು ಇಂಗ್ಲಿಷಿನಿಂದ ಕನ್ನಡದ ಮಕ್ಕಳಿಗೆ ಕರೆತಂದ ಮೂರು ಕರಡಿಗಳ ಕಥೆಯಲ್ಲಿಯೂ ಇದೇ ಬೀಜವಿದೆ. ದೊಡ್ಡ ಕರಡಿ, ನಡುವಿನ ಕರಡಿ, ಮರಿಕರಡಿ. ಅವುಗಳಿಗೆ ತಕ್ಕಂತೆ ದೊಡ್ಡದು, ನಡುವಿನದು, ಚಿಕ್ಕದು ಎಂದು ಉಣ್ಣುವ ಬಟ್ಟಲು, ಕುಳಿತುಕೊಳ್ಳುವ ಪೀಠ, ಮಲಗುವ ಹಾಸಿಗೆ. ಮೂರೆಂಬುದು ಕರಡಿಯೂ ಅಲ್ಲ, ಬಟ್ಟಲೂ ಅಲ್ಲ, ಹಾಸಿಗೆಯೂ ಅಲ್ಲ; ಇವೆಲ್ಲಕ್ಕೂ ಸಮಾನವಾದ ಒಂದು ಗುಣ ಎಂಬ ಸೂಕ್ಷ್ಮವನ್ನು ಶಾಸ್ತ್ರದ ಮಾತಿನಲ್ಲಿ ಹೇಳಿದರೆ ದೊಡ್ಡವರಿಗೂ ತಲೆನೋವು. ಕಥೆಯಲ್ಲಿ ಹೇಳಿದರೆ ನಾಲ್ಕು ವರ್ಷದ ಮಗು ಕರಡಿಗಳಿಗೆ ಬಟ್ಟಲು ಹಂಚಿ ಮುಗಿಸಿರುತ್ತದೆ. ಮಂಗೇಶರಾಯರು ಗಣಿತವನ್ನು ಕಲಿಸಲೆಂದು ಈ ಕಥೆಯನ್ನು ಬರೆದರೆಂದು ನಾವು ಹೇಳುತ್ತಿಲ್ಲ. ಮಗುವಿಗೆ ಒಪ್ಪುವ ಕಥೆಯನ್ನು ಆರಿಸಿಕೊಂಡರು; ಮಗುವಿಗೆ ಒಪ್ಪುವ ಕಥೆಯಲ್ಲಿ ನುಡಿಯೂ ಎಣಿಕೆಯೂ ಒಟ್ಟಿಗೆ ಇರುವುವು.

ಎಣಿಕೆಯ ಪದಗಳನ್ನು ಹೇಳುವುದು ಬೇರೆ, ಎಣಿಕೆಯನ್ನು ಅರಿಯುವುದು ಬೇರೆ. ಜಿನೀವಾ ನಗರದ ಪಿಯಾಜೆ ಎಂಬ ಪಂಡಿತರು ಮಕ್ಕಳ ಸಂಖ್ಯಾಜ್ಞಾನವನ್ನು ಕುರಿತು ೧೯೪೧ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಮಾಡಿದಂತಹ ಪರೀಕ್ಷೆಯನ್ನು ನಮ್ಮ ಯಾವ ಮನೆಯಲ್ಲಿಯಾದರೂ ಶೇಂಗಾ ಬೀಜಗಳಿಂದ ಮಾಡಿ ನೋಡಬಹುದು. ಐದು ವರ್ಷದ ಮಗುವಿನ ಮುಂದೆ ಆರು ಬೀಜಗಳ ಎರಡು ಸಾಲುಗಳನ್ನು ಸರಿಸಮವಾಗಿ ಇಡಿರಿ; ಎರಡೂ ಸಮವೆಂದು ಮಗು ಒಪ್ಪುವುದು. ಅದರ ಕಣ್ಣೆದುರಿನಲ್ಲಿಯೇ ಒಂದು ಸಾಲಿನ ಬೀಜಗಳನ್ನು ದೂರದೂರ ಸರಿಸಿರಿ. ಉದ್ದನೆಯ ಸಾಲಿನಲ್ಲಿಯೇ ಹೆಚ್ಚು ಬೀಜಗಳಿವೆಯೆಂದು ಎಷ್ಟೋ ಮಕ್ಕಳು ಹೇಳುವರು. ಇನ್ನೊಂದೆರಡು ವರ್ಷಗಳಾದ ಮೇಲೆ ಅದೇ ಮಗು ನಿಮ್ಮ ಪ್ರಶ್ನೆಗೆ ನಗುವುದು. ಪ್ರಶ್ನೆಯನ್ನು ಕೇಳುವ ರೀತಿಯಿಂದಲೂ ಉತ್ತರ ಬದಲಾಗಬಹುದೆಂದು ಆಮೇಲಿನ ವಿದ್ವಾಂಸರು ತೋರಿಸಿರುವರು. ಹೇಗೂ, ಎಣಿಸುವಾಗ ಕಡೆಯಲ್ಲಿ ಹೇಳಿದ ಪದವೇ ಒಟ್ಟು ಮೊತ್ತದ ಹೆಸರೆಂಬ ಅರಿವು ಮಗ್ಗಿಯನ್ನು ಉರುಹೊಡೆದ ಮಾತ್ರಕ್ಕೆ ಬರುವುದಿಲ್ಲ. ಕೈಯಿಂದ ಎಣಿಸಿ, ಹಂಚಿ, ಸಾಲದಾದಾಗ ಜಗಳವಾಡಿ ಬರುವ ಅರಿವದು. ಹೈಸ್ಕೂಲಿಗೆ ಬಂದ ಹುಡುಗರಲ್ಲಿಯೂ ಮಗ್ಗಿಯನ್ನು ಗಡಗಡನೆ ಒಪ್ಪಿಸಿ, ಎಂಟು ಸಾಲಿನಲ್ಲಿ ಏಳೇಳು ಸಸಿ ನೆಟ್ಟರೆ ಒಟ್ಟು ಎಷ್ಟೆಂದಾಗ ಬೆಪ್ಪಾಗಿ ನಿಲ್ಲುವವರನ್ನು ನಾವು ಕಂಡಿದ್ದೇವೆ. ಆಗ ತಪ್ಪು ಹುಡುಗನದೆಂದು ತಿಳಿದು ಗದರಿಸಿದ್ದೂ ಉಂಟು. ಈಗ ಅದಕ್ಕಾಗಿ ಪಶ್ಚಾತ್ತಾಪ ಪಡುತ್ತೇವೆ.

ಗಡಿಯ ಮಗುವಿಗೆ ಇಲ್ಲಿ ಒಂದು ಸಣ್ಣ ತೊಡಕೂ ಒಂದು ದೊಡ್ಡ ಲಾಭವೂ ಉಂಟು. ಕನ್ನಡ ತೆಲುಗುಗಳ ಎಣಿಕೆಯ ಪದಗಳು ದಾಯಾದಿಗಳು: ಎರಡು, ರೆಂಡು; ಮೂರು, ಮೂಡು; ನಾಲ್ಕು, ನಾಲುಗು; ಐದು ಆರುಗಳು ಎರಡರಲ್ಲಿಯೂ ಒಂದೇ. ಆದರೆ ತೆಲುಗಿನ ‘ತೊಮ್ಮಿದಿ’ ನಮ್ಮ ಒಂಬತ್ತು; ನಮ್ಮ ‘ತೊಂಬತ್ತು’ ಅವರ ‘ತೊಂಭೈ’. ಹೀಗಾಗಿ ಒಂಬತ್ತನ್ನೂ ತೊಂಬತ್ತನ್ನೂ ಅದಲುಬದಲು ಮಾಡುವ ಮಗುವನ್ನು ದಡ್ಡನೆಂದು ಬೈಯಬಾರದು. ಅದರ ಕಿವಿ ಎರಡು ಮನೆಗಳ ಸೂಕ್ಷ್ಮವನ್ನು ಬಿಡಿಸಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಎರಡೂ ನುಡಿಗಳಲ್ಲಿ ಜನರನ್ನು ಎಣಿಸುವ ಪದ ಬೇರೆ, ವಸ್ತುಗಳನ್ನು ಎಣಿಸುವ ಪದ ಬೇರೆ. ನಮ್ಮಲ್ಲಿ ಇಬ್ಬರು, ಮೂವರು. ಅವರಲ್ಲಿ ಇದ್ದರು, ಮುಗ್ಗುರು. ಕನ್ನಡದಲ್ಲಿ ಇದನ್ನು ಕಲಿತ ಮಗುವಿಗೆ ತೆಲುಗಿನಲ್ಲಿ ಹೊಸದಾಗಿ ತಿಳಿಯಬೇಕಾದುದು ಹೆಸರು ಮಾತ್ರ. ಅರಿವು ಆಗಲೇ ಒಳಗಿದೆ. ಬಂಟವಾಳದ ಮಗುವಿಗೆ ದೋನಿ, ರಡ್ಡ್, ಎರಡು ಎಂಬ ಮೂರು ಹೆಸರುಗಳ ಹಿಂದೆ ಹಣ್ಣುಗಳು ಎರಡೇ ಇದ್ದಂತೆ, ಒಂದು ನುಡಿಯಲ್ಲಿ ಗಟ್ಟಿಯಾಗಿ ಬೇರೂರಿದ ಎಣಿಕೆಯು ಮತ್ತೊಂದು ನುಡಿಗೆ ತಾನಾಗಿ ನಡೆದುಹೋಗುವುದು. ಬೇರೂರುವ ಮೊದಲೇ ಕಿತ್ತು ನೆಟ್ಟರೆ ಮಾತ್ರ ಸಸಿ ಬಾಡುವುದು.

ಮತ್ತೆ ಮಂಗೇಶರಾಯರ ಜೀವನಕ್ಕೆ ಬರೋಣ. ತಾವು ಬಾಲ್ಯದಲ್ಲಿ ಕೇಳಿದ ಬೀದಿಯ ನುಡಿಯನ್ನು ಅವರು ಪಂಡಿತರಾದ ಮೇಲೆ ಮರೆಯಲಿಲ್ಲ. ತುಳುವರ ಪಾಡ್ದನಗಳಲ್ಲಿ ಹಾಡಲ್ಪಡುವ ವೀರ ಸೋದರರ ಕಥೆಯನ್ನು ‘ಕೋಟಿ ಚೆನ್ನಯ’ ಎಂಬ ಹೆಸರಿನಿಂದ ಕನ್ನಡದಲ್ಲಿ ಬರೆದು ೧೯೨೪ರಲ್ಲಿ ಪ್ರಕಟಿಸಿದರು. ಕೊಡಗಿನಲ್ಲಿ ವಿದ್ಯಾಶಾಖೆಯ ಕೆಲಸಕ್ಕಾಗಿ ಹೋಗಿ ಮಡಿಕೇರಿಯಲ್ಲಿ ನೆಲೆಸಿದಾಗ, ಅಲ್ಲಿಯ ಜನರ ಸುಗ್ಗಿಯ ಹಬ್ಬವನ್ನೂ ನಾಡಿನ ಗುಡ್ಡಬೆಟ್ಟಗಳನ್ನೂ ಕಂಡು ‘ಹುತ್ತರಿಯ ಹಾಡ’ನ್ನು ರಚಿಸಿದರು. ಕೊಡವ ನುಡಿಯ ನಾಡು ಈ ಕನ್ನಡ ಹಾಡನ್ನು ತನ್ನದೆಂದು ಎತ್ತಿಕೊಂಡಿತು. ಕನ್ನಡವನ್ನು ಬೆಳೆಸುವುದಕ್ಕಾಗಿ ನೆರೆನುಡಿಯನ್ನು ಹಳಿಯಬೇಕೆಂಬ ಭಾವನೆ ಅವರ ಬರವಣಿಗೆಯಲ್ಲಿ ಎಲ್ಲಿಯೂ ನಮಗೆ ಕಾಣದು. ನೆರೆನುಡಿಯಲ್ಲಿ ಒಳ್ಳೆಯದು ಕಂಡರೆ ಅದನ್ನು ಕನ್ನಡದ ಮಕ್ಕಳ ಕೈಗೆ ತಂದುಕೊಡುವುದೇ ಅವರ ಅಭಿಮಾನವಾಗಿದ್ದಿತು.

ಅವರ ಕಾಲದಲ್ಲಿ ಕನ್ನಡನಾಡು ಒಂದಾಗಿರಲಿಲ್ಲ. ಮಂಗಳೂರೂ ನಮ್ಮ ಬಳ್ಳಾರಿಯೂ ಮದರಾಸು ಆಧಿಪತ್ಯದಲ್ಲಿದ್ದುವು. ಕೊಡಗು ಬೇರೆ ಪ್ರಾಂತ. ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದಿತು. ೧೯೩೪ರಲ್ಲಿ ಆ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಮಂಗೇಶರಾಯರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಆಡಳಿತದ ನುಡಿ ಉರ್ದುವಾಗಿದ್ದ, ತೆಲುಗು ಸೀಮೆಗೆ ಹೊಂದಿಕೊಂಡಿದ್ದ ಆ ಊರಿನಲ್ಲಿ, ಮಕ್ಕಳಿಗಾಗಿ ಬರೆದವರೊಬ್ಬರು ಸಮಸ್ತ ಕನ್ನಡಿಗರ ಪರವಾಗಿ ಪೀಠವೇರಿದುದು ಅರ್ಥಪೂರ್ಣವಾಗಿದ್ದಿತು. ನಾಡು ಹಂಚಿಹೋಗಿದ್ದರೂ ಅವರ ಪದ್ಯಗಳು ಆ ವೇಳೆಗಾಗಲೇ ಹಂಚಿದ ಭಾಗಗಳನ್ನೆಲ್ಲ ಮಕ್ಕಳ ಬಾಯಿಂದ ಹೊಲಿಯುತ್ತಿದ್ದುವು. ಅದಾದ ಮೂರು ವರ್ಷಗಳಲ್ಲಿಯೇ, ೧೯೩೭ರ ಅಕ್ಟೋಬರ್ ತಿಂಗಳಲ್ಲಿ, ಅವರು ಹೈದರಾಬಾದಿನಲ್ಲಿ ದಿವಂಗತರಾದರು. ಕೊಂಕಣಿಯ ಮನೆಯಲ್ಲಿ ಹುಟ್ಟಿ, ತುಳುವಿನ ಬೀದಿಯಲ್ಲಿ ಆಡಿ, ಕನ್ನಡಕ್ಕಾಗಿ ದುಡಿದ ಜೀವವು ತೆಲುಗು ಉರ್ದುಗಳ ನಗರದಲ್ಲಿ ಕಣ್ಮುಚ್ಚಿತು.

ಅವರು ತೀರಿಕೊಂಡು ಹದಿನಾರು ವರ್ಷಗಳಾಗುವ ಹೊತ್ತಿಗೆ, ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ರಚಿತವಾಗಿ, ಆದವಾನಿ ಆಲೂರು ತಾಲ್ಲೂಕುಗಳೊಡನೆ ನಮ್ಮ ರಾಯದುರ್ಗ ತಾಲ್ಲೂಕೂ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆ ರಾಜ್ಯಕ್ಕೆ ಸೇರಿತು. ನಕ್ಷೆಯಲ್ಲಿ ಗೆರೆ ಎಳೆದ ದಿನ ತೊಟ್ಟಿಲ ನುಡಿ ಬದಲಾಗಲಿಲ್ಲ. ಅಂದಿನಿಂದ ಇಂದಿನವರೆಗೆ ಇಲ್ಲಿಯ ಕನ್ನಡ ಶಾಲೆಗಳಲ್ಲಿ ನಮ್ಮ ಮಕ್ಕಳು ಓದುತ್ತ ಬಂದಿರುವರು. ತೆಲುಗು ನಮ್ಮ ರಾಜ್ಯದ ನುಡಿ, ನೆರೆಯವರ ನುಡಿ; ಅದು ನಮ್ಮ ಮಕ್ಕಳಿಗೆ ಬೇಕು. ಇಂಗ್ಲಿಷೂ ಬೇಕು. ಆದರೆ ಬೇಕಾದುದನ್ನು ಪಡೆಯುವುದಕ್ಕೆ ಇದ್ದುದನ್ನು ಚೆಲ್ಲಬೇಕಾಗಿಲ್ಲ. ಮಂಗೇಶರಾಯರಿಗೆ ಶಾಲೆಯ ನುಡಿ ಮನೆಯ ನುಡಿಯಾಗಿರಲಿಲ್ಲವಷ್ಟೆ, ಹಾಗಾದರೆ ನಮ್ಮ ಮಕ್ಕಳಿಗೂ ಮನೆಯ ನುಡಿ ಶಾಲೆಯಲ್ಲಿ ಏಕೆ ಬೇಕೆಂದು ಯಾರಾದರೂ ಕೇಳಬಹುದು. ಅವರು ಮನೆಯಲ್ಲಿ ಕೊಂಕಣಿಯನ್ನು ಬಿಟ್ಟುದರಿಂದ ಕನ್ನಡವನ್ನು ಪಡೆಯಲಿಲ್ಲ; ಮೂರು ನುಡಿಗಳನ್ನೂ ಬಾಳಿನಲ್ಲಿ ಕೇಳಿದುದರಿಂದ 
ಪಡೆದರು. ಮತ್ತು, ಅರಿಯದ ನುಡಿಯಲ್ಲಿ ಅಕ್ಷರವನ್ನು ಮೊದಲು ಹೇರಿದರೆ ಎಳೆಯ ಮನಸ್ಸಿಗೆ ಎಷ್ಟು ಭಾರವಾಗುವುದೆಂದು ಬಲ್ಲವರಾದುದರಿಂದಲೇ, ಇತರ ಮಕ್ಕಳಿಗಾಗಿ ಹಾಡಿನ ಕಥೆಯ ಸೇತುವೆಯನ್ನು ಕಟ್ಟಿದರು. ಮನೆಯ ನುಡಿಯೇ ಶಾಲೆಯ ನುಡಿಯಾಗಿರುವ ಭಾಗ್ಯ ನಮ್ಮ ಮಕ್ಕಳಿಗೆ ಇನ್ನೂ ಇದೆ. ಆ ಭಾಗ್ಯವನ್ನು ನಾವಾಗಿ ಕಳೆದುಕೊಳ್ಳಬಾರದು.

ಶಾಲೆಯೊಂದರಿಂದಲೇ ಇದು ಉಳಿಯುವುದೆಂದು ಉಪಾಧ್ಯಾಯರಾದ ನಾವು ಹೇಳಲಾರೆವು. ಮಗು ಶಾಲೆಗೆ ಬರುವ ಮೊದಲಿನ ಐದು ವರ್ಷಗಳು ಮನೆಯವರ ಕೈಯಲ್ಲಿವೆ. ಈ ಸಂಚಿಕೆಯನ್ನು ಓದಿ ಮಡಿಸಿಟ್ಟ ಸಂಜೆಯೇ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿರಿ. ಅಜ್ಜಿಯಿದ್ದರೆ ಅಜ್ಜಿಯಿಂದಲೇ ಏಳು ಮೀನುಗಳ ಕಥೆಯನ್ನು ಹೇಳಿಸಿರಿ. ಇವೊತ್ತು ಕನ್ನಡದಲ್ಲಿ, ನಾಳೆ ನೆರೆಮನೆಯ ಅವ್ವನಿಂದ ತೆಲುಗಿನಲ್ಲಿ ಆಗಲಿ. ಶೇಂಗಾ ಸುಲಿಯುವಾಗ ಬೀಜಗಳನ್ನು ಮಕ್ಕಳಿಂದ ಹಂಚಿಸಿರಿ. ತಪ್ಪಿದರೆ ನಗಿರಿ, ಗದರಿಸಬೇಡಿರಿ. ಕಥೆ ಮುಗಿದ ಮೇಲೆ, ಒಣಗಿದ ಮೀನುಗಳು ಎಷ್ಟು ಎಂದು ಕೇಳಲು ಮಾತ್ರ ಮರೆಯದಿರಿ.